ಮೀನುಗಾರ ಹಾವು

ನಿನ್ನೆ ಸಂಜೆ ಉಣಕಲ್ ಕೆರೆ ದಂಡೆಯಲ್ಲಿ ಗದ್ದಲ. ಒಬ್ಬ ಕಲ್ಲು ಹಿಡಿದು 'ನಾಗರಹಾವು ರೀ, ಹೆಡಿ ಎತ್ತೇತಿ' ಅಂತ ಕೂಗುತ್ತಿದ್ದ. ಬಗ್ಗಿ ನೋಡಿದರೆ ಬಡಪಾಯಿ ನೀರೊಳ್ಳೆ! ಹೆದರಿದಾಗ ಕತ್ತು ಚಪ್ಪಟೆ ಮಾಡಿ ಹೀಗೆ ನಾಗರನ ವೇಷ ಹಾಕುತ್ತದೆ, ಜೀವ ಉಳಿಸಿಕೊಳ್ಳಲು ಹಾಕಿದ ವೇಷವೇ ಎಷ್ಟೋ ಸಲ ಅದಕ್ಕೆ ಕುತ್ತು. ನಮ್ಮಲ್ಲೂ ಇಂಥವರಿದ್ದಾರೆ, ಅಲ್ವಾ?

ಮೈಮೇಲೆ ಚದುರಂಗದ ಮನೆಗಳ ಹಾಗೆ ಕಪ್ಪು ಚೌಕ, ಕಣ್ಣಿನಿಂದ ಕಾಡಿಗೆ ಇಳಿದಂತೆ ಎರಡು ಓರೆ ಗೆರೆ, ಇಷ್ಟು ನೋಡಿದರೆ ಗುರುತು ಸಿಕ್ಕಿತು. ವಿಷ ಇಲ್ಲ. ಹಾಗಂತ ಸುಮ್ನೆ ಹಿಡಿಯಲು ಹೋಗಬೇಡಿ, ಸಿಟ್ಟು ಜಾಸ್ತಿ, ಕಚ್ಚಿದರೆ ರಕ್ತ ಬರುತ್ತದೆ. ಊಟ ಮೀನು, ಕಪ್ಪೆ. 1799ರಲ್ಲಿ ಇದಕ್ಕೆ ಇಟ್ಟ ಲ್ಯಾಟಿನ್ ಹೆಸರು ಪಿಸ್ಕೇಟರ್, ಅಂದರೆ ಮೀನುಗಾರ. ದಂಡೆಯ ಬಿಲಗಳಲ್ಲಿ ಒಂದೇ ಸಲಕ್ಕೆ ಕೆಲವೊಮ್ಮೆ 50ಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ.

ಇದನ್ನೆಲ್ಲ ಆ ಮನುಷ್ಯನಿಗೆ ಹೇಳುತ್ತಾ ನಿಂತೆ, ಪೂರ್ತಿ ನಂಬಲಿಲ್ಲ, ಆದರೆ ಕಲ್ಲು ಕೆಳಗಿಟ್ಟ. ಅಷ್ಟರಲ್ಲಿ ಹಾವು ಅಂತರಗಂಗೆ ಬುಡಕ್ಕೆ ಸರಿದಿತ್ತು. ಒಂದೆರಡು ಎಲೆ ಅಲುಗಾಡಿದವು, ಅಷ್ಟೇ.