ಗೆಳೆಯನ ಕೋಲ್ಟ್ ಪಿಸ್ತೂಲು, ಅರ್ಜಿಯ ಒಂದು ಕಾಲಂ

"ನೋಡು ಮಾರಾಯ, ಮೊದಲು ನಿನಗೇ ಹೇಳ್ತಾ ಇದ್ದೀನಿ. ನೀನು ಬೇಡ ಅಂದ್ರೆ ಮಾತ್ರ ಹೊರಗಿನವರಿಗೆ" ಎಂದು ಗೆಳೆಯ ಫೋನಿನಲ್ಲಿ ಹೇಳಿದಾಗ ನಾನು ತೋಟದ ಮಾತು ಎಂದುಕೊಂಡೆ. ಸಕಲೇಶಪುರದ ಕಡೆ ಅವನದು ಒಳ್ಳೆಯ ಕಾಫಿ ತೋಟ. ಗಂಡ ಹೆಂಡತಿ ಇಬ್ಬರೂ ಮೆಲ್ಬರ್ನಿಗೆ ಹೋಗಿ ಮಗಳ ಹತ್ತಿರವೇ ಇದ್ದುಬಿಡುವ ಯೋಚನೆಯಲ್ಲಿದ್ದರು. ನಿನ್ನ ತೋಟ ಕೊಳ್ಳುವ ತಾಕತ್ತು ನನಗೆಲ್ಲಿಂದ ಬರಬೇಕು ಅಂತ ನಕ್ಕೆ. "ತೋಟ ಅಲ್ಲ ಕಣೋ. ತಾತನ ಕೋಲ್ಟ್" ಅಂದ.

ಆಗ ನಗು ನಿಂತಿತು. ಆ ಪಿಸ್ತೂಲನ್ನು ನಾನು ಕಾಲೇಜು ದಿನಗಳಿಂದ ಬಲ್ಲೆ. ಆಯುಧಪೂಜೆಗೆ ಅವನ ಮನೆಗೆ ಹೋದರೆ ಜೀಪು, ಕತ್ತಿ, ಗುದ್ದಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಲ್ಲಕ್ಕೂ ಹೂವು ಕುಂಕುಮ ಆಗಿರುತ್ತಿತ್ತು. ಕೋವಿಗಳ ಪಕ್ಕ ಒಂದು ಮಣೆ. ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಇದನ್ನು ಇಟ್ಟಿರುತ್ತಿದ್ದರು. ಅವನ ತಾತ ಇಂಗ್ಲಿಷ್ ದೊರೆಯೊಬ್ಬನ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವರು. ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ದೊರೆ ತನ್ನ ಊರಿಗೆ ಹೊರಟ. ಪಿಯಾನೊ ಯಾರ ಪಾಲಿಗೋ ಹೋಯಿತು, ಪಿಸ್ತೂಲು ತಾತನ ಪಾಲಿಗೆ ಬಂತು. ನಮ್ಮನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮಂಗಳಾರತಿ ಆದ ತಕ್ಷಣ ಒಳಗೆ.

ನಾನು ಮೂಡಿಗೆರೆ ಕಡೆಯವನು. ನಮ್ಮಲ್ಲಿ ಮನೆಯಲ್ಲಿ ಕೋವಿ ಇರುವುದು ಹೊಸ ವಿಷಯವಲ್ಲ. ಅಪ್ಪನ ಜೋಡಿ ನಳಿಗೆಯ ಹನ್ನೆರಡು ಬೋರ್ ಕೋವಿ ಇದೆ (ಬೋರ್ ಅಂದರೆ ನಳಿಗೆಯ ತೂತಿನ ಅಳತೆ), ಅಜ್ಜನ ಕಾಲದ, ಬಾಯಿಂದ ಮದ್ದು ತುಂಬುವ ಒಂದು ಕೇಪಿನ ಕೋವಿಯೂ ಇದೆ. ಹಂದಿ ಓಡಿಸಲು, ಮಂಗ ಬೆದರಿಸಲು ಗಾಳಿಯಲ್ಲಿ ಒಂದು ಈಡು. ಅದಕ್ಕಿಂತ ಹೆಚ್ಚಿನ ಸಾಹಸ ಏನೂ ಮಾಡಿಲ್ಲ. ಆನೆ ಬಂದರೆ ಕೋವಿ ಹಿಡಿದವನೂ ಬರಿಗೈಯವನೂ ಒಂದೇ ಕಡೆ ಓಡುತ್ತಾರೆ. ಆದರೆ ಪಿಸ್ತೂಲಿನ ಮಾತೇ ಬೇರೆ. ಅದು ತೋಟದ ಸಾಮಾನಲ್ಲ. ಅದಕ್ಕೇ ಆಸೆ ಜಾಸ್ತಿಯಾಯಿತೋ ಏನೋ.

ಒಂದು ಭಾನುವಾರ ಅವನ ಮನೆಗೆ ಹೋದೆ. ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದ್ದ ಕಬ್ಬಿಣದ ಪೆಟ್ಟಿಗೆಯಿಂದ ಅದನ್ನು ತೆಗೆದು ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಇಟ್ಟ. ಇದು ಕೋಲ್ಟ್ ಕಂಪನಿಯ 1903ರ ಮಾದರಿ, ಪಾಯಿಂಟ್ 32 ಬೋರ್. ಮಾಡಿದ್ದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, ವಿನ್ಯಾಸ ಜಾನ್ ಬ್ರೌನಿಂಗ್‌ನದು. ಅಮೆರಿಕದ ಸೇನೆ ದಶಕಗಟ್ಟಲೆ ಸೊಂಟಕ್ಕೆ ಕಟ್ಟಿಕೊಂಡ 1911ರ ಪಿಸ್ತೂಲೂ ಅವನದೇ. ಈ ಚಿಕ್ಕದು 1945ರವರೆಗೆ ಐದು ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಜನರಲ್‌ಗಳಿಗೆ ಕೊಟ್ಟಿದ್ದು ಕೂಡ ಇದೇ ಮಾದರಿ. ಗೆಳೆಯನ ಹತ್ತಿರ ಇರುವುದು ಸೀರಿಯಲ್ ನಂಬರಿನ ಪ್ರಕಾರ 1919ರದು.

ಅವನು ಮೊದಲು ಗುಂಡು ತುಂಬುವ ಮ್ಯಾಗಜೀನ್ ಹೊರಗೆ ತೆಗೆದ. ಅದನ್ನು ಹಿಡಿದಿಡುವ ಕೊಕ್ಕೆ ಹಿಡಿಯ ಬುಡದಲ್ಲಿದೆ, ಎರಡೂ ಕೈ ಬೇಕು. ಆಮೇಲೆ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡ್ ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರಿನೊಳಗೆ ನೋಡಿ, ನನಗೂ ತೋರಿಸಿದ. ಖಾಲಿ. ಇಷ್ಟಾದ ಮೇಲೆಯೇ ನನ್ನ ಕೈಗೆ ಕೊಟ್ಟ. ನಲವತ್ತು ವರ್ಷ ನೋಡಿದ್ದನ್ನು ಮೊದಲ ಸಲ ಹಿಡಿದೆ. ಎಲ್ಲೂ ಏನೂ ಚುಚ್ಚುವುದಿಲ್ಲ, ಚಾಚಿಕೊಂಡಿಲ್ಲ. ಜೇಬಿಗೆ ಹಾಕಿ ತೆಗೆದರೆ ಬಟ್ಟೆಗೆ ಸಿಕ್ಕಿಕೊಳ್ಳಬಾರದು ಅಂತ ಗುಂಡು ಹಾರಿಸಲು ಬಡಿಯುವ ಹ್ಯಾಮರನ್ನು ಸ್ಲೈಡಿನ ಒಳಗೇ ಅಡಗಿಸಿದ್ದಾರೆ. ಚಪ್ಪಟೆ, ನುಣುಪು, ನೋಡಿದ್ದಕ್ಕಿಂತ ಭಾರ. ಹಿಡಿಯ ಹಿಂಭಾಗದಲ್ಲಿ ಒಂದು ಪಟ್ಟಿ ಇದೆ. ಅಂಗೈ ಅದನ್ನು ಒತ್ತಿದರೆ ಮಾತ್ರ ಈಡು ಹಾರುತ್ತದೆ.

ಆದರೆ ನಾನು ಹೋಗಿದ್ದು ಮೆಚ್ಚಿಕೊಳ್ಳುವುದಕ್ಕಲ್ಲ, ವ್ಯಾಪಾರಕ್ಕೆ. ಟಾರ್ಚ್, ಭೂತಗನ್ನಡಿ ಎರಡೂ ಒಯ್ದಿದ್ದೆ. ಗೆಳೆಯನಿಗೆ ಸ್ವಲ್ಪ ಕಸಿವಿಸಿ ಆಯಿತು ಅಂತ ಕಾಣುತ್ತೆ. ಆಗಲಿ, ಅವನು ಹೇಳಿದ ಬೆಲೆ ಐದು ಲಕ್ಷ ರೂಪಾಯಿ.

ಬಿಚ್ಚುವ ರೀತಿ ಚೆಂದ. ಸ್ಲೈಡಿನ ಮೇಲೆ ಒಂದು ಪುಟ್ಟ ಬಾಣದ ಗುರುತು ಇದೆ. ಸ್ಲೈಡನ್ನು ಹಿಂದಕ್ಕೆಳೆದು ಆ ಗುರುತು ಚೌಕಟ್ಟಿನ ಅಂಚಿಗೆ ಸರಿಯಾಗಿ ಬಂದಾಗ ನಳಿಗೆಯನ್ನು ಹಿಡಿದು ತಿರುಗಿಸಬೇಕು. ಇಡೀ ಸ್ಲೈಡು ನಳಿಗೆ ಸಮೇತ ಮುಂದಕ್ಕೆ ಜಾರಿ ಬರುತ್ತದೆ. ಸ್ಪ್ಯಾನರ್ ಬೇಡ, ಸ್ಕ್ರೂಡ್ರೈವರ್ ಬೇಡ. ನಳಿಗೆಯನ್ನು ಕಿಟಕಿ ಬೆಳಕಿಗೆ ಹಿಡಿದೆ. ಗುಂಡನ್ನು ತಿರುಗಿಸಿ ಕಳಿಸುವ ಒಳಗಿನ ಗೀರುಗಳು ಇನ್ನೂ ಚೂಪಾಗಿವೆ, ಆದರೆ ಚೇಂಬರಿನ ಮುಂದೆ ಒಂದಿಷ್ಟು ಜಾಗದಲ್ಲಿ ಕಪ್ಪು ಚುಕ್ಕಿಗಳು. ತುಕ್ಕು ಕಬ್ಬಿಣವನ್ನು ತಿಂದ ಗುರುತು. ಹಳೆಯ ಗುಂಡುಗಳ ಕೇಪಿನ ಮದ್ದು ಹೊಡೆದ ಮೇಲೆ ಉಪ್ಪು ಬಿಡುತ್ತಿತ್ತು. ಆ ಉಪ್ಪಿನ ಜೊತೆ ಮಲೆನಾಡಿನ ಮಳೆಗಾಲ ಸೇರಿದರೆ ಇನ್ನೇನಾಗುತ್ತದೆ?

ಹೊರಗಿನ ನೀಲಿ ಹೊಳಪು ತುಂಬಾ ಚೆನ್ನಾಗಿತ್ತು. ಅದೇ ಅನುಮಾನ. ಭೂತಗನ್ನಡಿ ಇಟ್ಟು ನೋಡಿದರೆ ಕಂಪನಿಯ ಹೆಸರಿನ ಅಕ್ಷರಗಳ ಅಂಚು ಸವೆದು ಮೆತ್ತಗಾಗಿತ್ತು. ಮುಂಗಾಲೆತ್ತಿ ನಿಂತ ಕೋಲ್ಟ್ ಕುದುರೆಯ ಗೊರಸು ಮಾಯ. ಯಾವುದೋ ಕಾಲದಲ್ಲಿ ಯಾರೋ ಉಜ್ಜಿ, ಮತ್ತೆ ನೀಲಿ ಬಣ್ಣ ಕೊಟ್ಟಿದ್ದಾರೆ. ಸಂಗ್ರಹ ಮಾಡುವವರು ಇದಕ್ಕೆ ಮೂಗು ಮುರಿಯುತ್ತಾರೆ. ಹಿಡಿಯ ಗಟ್ಟಿ ರಬ್ಬರಿನ ತಟ್ಟೆಗಳು ಮಾತ್ರ ಮೂಲದವೇ. ಕರಿ ಬಣ್ಣ ವಯಸ್ಸಿಗೆ ತಿರುಗಿ ಕಂದು ಆಗಿತ್ತು, ಎಡಗಡೆ ತಿರುಪಿನ ಹತ್ತಿರ ಕೂದಲೆಳೆಯಷ್ಟು ಬಿರುಕು. ನನಗೆ ಅದೇ ಇಷ್ಟವಾಯಿತು.

ಐದು ಲಕ್ಷ ಯಾಕೆ ಅಂತ ಗೊತ್ತಿಲ್ಲದವರಿಗೆ ಆಶ್ಚರ್ಯ ಆಗಬಹುದು. ಅಮೆರಿಕದಲ್ಲಿ ಇಂಥದ್ದೇ ಪಿಸ್ತೂಲು ಸಾವಿರ ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ನಮ್ಮಲ್ಲಿ 1980ರ ದಶಕದಲ್ಲಿ ಖಾಸಗಿಯವರಿಗೆ ವಿದೇಶಿ ಬಂದೂಕು ತರಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿತು. ಅಷ್ಟು ಹೊತ್ತಿಗೆ ಒಳಗೆ ಬಂದಿದ್ದೆಷ್ಟೋ ಅಷ್ಟೇ ಇವತ್ತೂ ಕೈಯಿಂದ ಕೈಗೆ ತಿರುಗುತ್ತಿದೆ. ಅದರ ಮೇಲೆ 9 ಎಂಎಂ, ಪಾಯಿಂಟ್ 45 ಎಲ್ಲ ನಿಷೇಧಿತ ಬೋರ್, ಸಾಮಾನ್ಯರಿಗೆ ಸಿಗುವುದಿಲ್ಲ. ಹಾಗಾಗಿ ಪಾಯಿಂಟ್ 32ಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ನಮ್ಮ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32 ಪಿಸ್ತೂಲು ಇದೆ, ಕೆಲಸಕ್ಕೆ ಅದು ಸಾಕು. ಆದರೆ ಹಾರ್ಟ್‌ಫರ್ಡ್ ಅಂತ ಕೊರೆದಿರುವುದು ಅದರ ಮೇಲೆ ಎಲ್ಲಿದೆ! ಗೆಳೆಯ ಹೊರಗಿನವರಿಗೆ ಏಳು ಲಕ್ಷ ಹೇಳುತ್ತಿದ್ದ. ಅವನು ನನಗೆ ಮೋಸ ಮಾಡುತ್ತಿರಲಿಲ್ಲ.

ಇನ್ನು ಕಾಗದದ ಕೆಲಸ. 2019ರಲ್ಲಿ ಆಯುಧ ಕಾಯ್ದೆ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. ವಂಶಪಾರಂಪರ್ಯವಾಗಿ ಬಂದರೂ ಎರಡನ್ನು ದಾಟುವಂತಿಲ್ಲ. ನನ್ನ ಹತ್ತಿರ ಎರಡು ಆಗಲೇ ಇವೆ. ಕೋಲ್ಟ್ ಬರಬೇಕಾದರೆ ಅಜ್ಜನ ಕೇಪಿನ ಕೋವಿ ಹೋಗಬೇಕು. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ, ನನಗೂ ಅದರ ಉಪಯೋಗ ಇಲ್ಲ. ಕೊಟ್ಟರಾಯಿತು ಅಂತ ಬಾಯಲ್ಲಿ ಅಂದುಕೊಂಡೆ. ಮನಸ್ಸು ಹೂಂ ಅನ್ನಲಿಲ್ಲ.

ಗೆಳೆಯನೂ ಸುಮ್ನೆ ಕೈಗೆ ಕೊಟ್ಟು ದುಡ್ಡು ಎಣಿಸಿಕೊಳ್ಳುವಂತಿಲ್ಲ. ಯಾರಿಗೆ ಮಾರುತ್ತಿದ್ದೇನೆ ಅಂತ ಹೆಸರು, ವಿಳಾಸ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ಕೊಡಬೇಕು. ಕೊಟ್ಟು 45 ದಿನ ಕಳೆಯಬೇಕು. ಅಷ್ಟರಲ್ಲಿ ನನ್ನ ಲೈಸೆನ್ಸಿನಲ್ಲಿ ಪಿಸ್ತೂಲಿಗೆ ಅನುಮತಿ ಸಿಕ್ಕಿರಬೇಕು. ಪೊಲೀಸ್ ವರದಿ, ಜಿಲ್ಲಾಧಿಕಾರಿ ಕಚೇರಿ, ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆ ಇದೆ ಅಂತ ಮುಚ್ಚಳಿಕೆ. ಇದರಲ್ಲಿ ನನಗೆ ಬೇಸರ ಏನಿಲ್ಲ. ಪಿಸ್ತೂಲು ಕೊಳ್ಳುವುದು ಮಿಕ್ಸಿ ಕೊಂಡಷ್ಟು ಸುಲಭ ಆಗಬಾರದು.

ಸಿಕ್ಕಿಬಿದ್ದಿದ್ದು ಅರ್ಜಿಯ ಒಂದು ಕಾಲಂನಲ್ಲಿ. ಆಯುಧ ಯಾಕೆ ಬೇಕು ಅಂತ ಕೇಳುತ್ತದೆ ಅದು.

ತೋಟದವರಿಗೆ ಕೋವಿಯ ಕಾರಣ ಸಲೀಸು. ಬೆಳೆ ರಕ್ಷಣೆ. ಕಾಯ್ದೆಯ 13ನೇ ಸೆಕ್ಷನ್ನಿನಲ್ಲೇ ಅದಕ್ಕೆ ಜಾಗ ಇದೆ. ಇಪ್ಪತ್ತು ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ನುಣುಪು ಬೋರಿನ ಕೋವಿ ರಕ್ಷಣೆಗೋ ಕ್ರೀಡೆಗೋ ಸಿಗುತ್ತದೆ, ಮದ್ದು ತುಂಬುವ ಕೋವಿ ಬೆಳೆ ಕಾಯಲು ಸಿಗುತ್ತದೆ. ಮಿಕ್ಕ ಬಂದೂಕಿಗೆಲ್ಲ ಲೈಸೆನ್ಸ್ ಕೊಡುವವರಿಗೆ ಒಪ್ಪಿಗೆಯಾಗುವಂಥ ಕಾರಣ ತೋರಿಸಬೇಕು. ಪಿಸ್ತೂಲು ಹಿಡಿದು ಹಂದಿ ಓಡಿಸುತ್ತೇನೆ ಅಂದರೆ ಗುಮಾಸ್ತನೂ ನಗುತ್ತಾನೆ. ನಾನು ಗುರಿ ಹೊಡೆಯುವ ಕ್ರೀಡಾಪಟುವಲ್ಲ. ಸೈನ್ಯದಲ್ಲಿ ಇದ್ದವನಲ್ಲ. ಉಳಿದಿದ್ದು ಆತ್ಮರಕ್ಷಣೆ. ಅಂದರೆ ನನ್ನ ಜೀವಕ್ಕೆ ಅಪಾಯ ಇದೆ ಅಂತ ಬರೆಯಬೇಕು. ಯಾರಿಂದ?

ರಾತ್ರಿ ಊಟ ಆದ ಮೇಲೆ ಕೂತು ಯೋಚಿಸಿದೆ. ಬೇಲಿ ತಕರಾರಿನ ಪಕ್ಕದ ತೋಟದವನಿದ್ದಾನೆ. ಆದರೆ ಅವನ ಮಗನ ಮದುವೆಗೆ ಮೊನ್ನೆ ಹೋಗಿ ಉಂಡು ಬಂದಿದ್ದೇನೆ. ಕೂಲಿ ಬಟವಾಡೆಗೆ ಬ್ಯಾಂಕಿನಿಂದ ದುಡ್ಡು ತರುವ ಭಯ ಅನ್ನೋಣ ಅಂದರೆ, ಈಗ ಅರ್ಧಕ್ಕರ್ಧ ಆಳುಗಳಿಗೆ ಫೋನಿನಲ್ಲೇ ದುಡ್ಡು ಹೋಗುತ್ತದೆ. ಮೆಣಸು ಕಳವಿನ ಹಾವಳಿ ಇದೆ, ನಿಜ. ಹಾಗಂತ ಮೆಣಸು ಕದಿಯಲು ಬಂದ ಹುಡುಗನ ಮೇಲೆ ಪಿಸ್ತೂಲು ಎತ್ತುವವನಾ ನಾನು?

ಹೆಂಡತಿ ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಿದ್ದಳು. "ಏನ್ರೀ, ಅಷ್ಟು ಹೊತ್ತಿಂದ ಶತ್ರುಗಳನ್ನು ಹುಡುಕ್ತಾ ಇದ್ದೀರಾ?" ಅಂದಳು.

"ಇದ್ದರೆ ಅರ್ಜಿ ಸುಲಭ ಆಗ್ತಿತ್ತು."

"ನಿಜವಾದ ಕಾರಣ ಬರೀರಿ. ಚೆಂದ ಇದೆ, ಆಸೆ ಆಯ್ತು ಅಂತ."

ಅಷ್ಟೇ ನೋಡಿ. ನನಗಿದ್ದ ಕಾರಣ ಅದೊಂದೇ. ಹಾಗೆ ಬರೆದರೆ ಲೈಸೆನ್ಸ್ ಸಿಗುವುದಿಲ್ಲ. ಸಿಗುವ ಹಾಗೆ ಬರೆಯಬೇಕಾದರೆ ಸುಳ್ಳು ಹೇಳಿ ಸಹಿ ಹಾಕಬೇಕು. ಎಲ್ಲರೂ ಹಾಗೇ ಬರೀತಾರೆ ಬಿಡು ಅಂತ ಊರಿನಲ್ಲಿ ಇಬ್ಬರು ಹೇಳಿದರು. ಬರೆಯಬಹುದು. ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸುವಾಗಲೆಲ್ಲ ಇಲ್ಲದ ಶತ್ರುವನ್ನು ಮತ್ತೆ ಜೀವಂತ ಇಡಬೇಕು.

ಅದರ ಜೊತೆ ಇನ್ನೊಂದು ಲೆಕ್ಕವೂ ತಲೆಯಲ್ಲಿತ್ತು. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಒಪ್ಪಿಸಬೇಕು ಅಂತ ನಮಗೆ ನೋಟಿಸ್ ಬರುತ್ತದೆ. ಫಲಿತಾಂಶ ಆಗುವವರೆಗೆ ಅಲ್ಲೇ. ಚೀಟಿ ಕಟ್ಟಿದ ಕೋವಿಗಳನ್ನು ಸೌದೆಯ ಹಾಗೆ ಒಂದರ ಮೇಲೊಂದು ಒರಗಿಸಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಪ್ಪನ ಕೋವಿ ಒಂದು ಸಲ ಹಿಡಿಗೆ ಗೀರು ಬಿದ್ದು, ನಳಿಗೆಗೆ ತುಕ್ಕು ಹಿಡಿದು ವಾಪಸ್ ಬಂತು. ಹನ್ನೆರಡು ಬೋರ್ ತಡೆದುಕೊಳ್ಳುತ್ತದೆ. ನೂರು ವರ್ಷದ ಆ ರಬ್ಬರ್ ಹಿಡಿಯ ಬಿರುಕು ತಡೆಯುತ್ತದಾ?

ಮೊಮ್ಮಕ್ಕಳ ವಿಷಯವೂ ಇದೆ. ಏಪ್ರಿಲ್ ರಜೆಗೆ ಬೆಂಗಳೂರಿನಿಂದ ಬರುತ್ತಾರೆ, ಮನೆಯಲ್ಲಿ ಅವರು ಎಳೆಯದ ಡ್ರಾಯರ್ ಇಲ್ಲ. ಜೋಡಿ ನಳಿಗೆಯನ್ನು ಮಡಚಿ ತೆರೆದು ನೋಡಿದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಈ ಕೋಲ್ಟ್‌ನಲ್ಲಿ ಹ್ಯಾಮರ್ ಒಳಗಿರುವುದರಿಂದ ಎಳೆದು ನಿಂತಿದೆಯೋ ಇಲ್ಲವೋ ನೋಡಿದ ತಕ್ಷಣ ಹೇಳಲಾಗುವುದಿಲ್ಲ. ಮ್ಯಾಗಜೀನ್ ತೆಗೆದರೆ ಈಡು ಹಾರದಂತೆ ತಡೆಯುವ ಏರ್ಪಾಡನ್ನು ಕಂಪನಿ ಸೇರಿಸಿದ್ದು 1926ರಲ್ಲಿ. 1919ರದಕ್ಕೆ ಅದಿಲ್ಲ. ಮ್ಯಾಗಜೀನ್ ಹೊರಗಿದ್ದರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿದ್ದರೆ ಅದು ಹೊಡೆಯುತ್ತದೆ. ಗೆಳೆಯ ಪ್ರತಿ ಸಲವೂ ಎರಡು ಬಾರಿ ನೋಡುತ್ತಿದ್ದುದು ಅದಕ್ಕೇ. ತಾತ ಮುಟ್ಟಲು ಬಿಡದೆ ಇದ್ದಿದ್ದೂ ಅದಕ್ಕೇ ಇರಬೇಕು.

ಬೇಡ ಅಂತ ತೀರ್ಮಾನ ಮಾಡಿದ ಮೇಲೆ ಹೇಳುವುದು ಕಷ್ಟವಾಯಿತು. ನಳಿಗೆಯಲ್ಲಿ ಚುಕ್ಕಿ ಇದೆ, ಬಣ್ಣ ಮೂಲದ್ದಲ್ಲ ಅಂತ ನೆಪ ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಹೇಳಿದರೆ ಅವನು ಬೆಲೆ ಇಳಿಸುತ್ತಿದ್ದ, ನಾನು ಮತ್ತೆ ಸಿಕ್ಕಿಕೊಳ್ಳುತ್ತಿದ್ದೆ. ಕಾಲಂ ವಿಷಯವನ್ನೇ ಹೇಳಿದೆ. ಜೋರಾಗಿ ನಕ್ಕ. "ನಮ್ಮ ತಾತ ಏನು ಬರೆದಿದ್ದರು ಗೊತ್ತಾ? ಹುಲಿ ಕಾಟ ಅಂತ. ಇದರಲ್ಲಿ ಹುಲಿಗೆ ಹೊಡೆದರೆ ಅದಕ್ಕೆ ಕಚಗುಳಿ ಆಗುತ್ತೆ" ಅಂದ.

ಪಿಸ್ತೂಲು ಶಿವಮೊಗ್ಗದ ಒಬ್ಬ ಡಾಕ್ಟರ ಪಾಲಾಯಿತು. ಅವರ ಲೈಸೆನ್ಸಿನಲ್ಲಿ ಪಿಸ್ತೂಲಿಗೆ ಮೊದಲೇ ಜಾಗ ಇತ್ತು, ಇದ್ದ ಹಳೆಯದನ್ನು ಮಾರಿ ಇದನ್ನು ತಗೊಂಡರು. ಆರೂವರೆ ಲಕ್ಷಕ್ಕೆ ಕುದುರಿತಂತೆ. ನಂಗೆ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಮನೆ ಖಾಲಿ ಮಾಡುವ ಹೊತ್ತಿಗೆ ಗೆಳೆಯ ಮತ್ತೆ ಫೋನ್ ಮಾಡಿದ. "ಆ ಕಬ್ಬಿಣದ ಪೆಟ್ಟಿಗೆ ಬೇಕೇನೋ? ಅದಕ್ಕೆ ಲೈಸೆನ್ಸ್ ಬೇಡ." ಅದನ್ನು ತಗೊಂಡೆ. ಎರಡು ಕೋವಿ ನಿಲ್ಲುವಷ್ಟು ಎತ್ತರ, ಮೇಲೆ ಪಿಸ್ತೂಲಿಗೆ ಅಂತ ಮಾಡಿಸಿದ್ದ ಒಂದು ಖಾನೆ. ಆ ಖಾನೆಯಲ್ಲಿ ಹೆಂಡತಿ ಪಹಣಿ, ಪಾಸ್‌ಬುಕ್ ಇಟ್ಟುಕೊಂಡಿದ್ದಾಳೆ. ಗೋಡೆಯಿಂದ ಬಿಡಿಸಿ ಸಕಲೇಶಪುರದಿಂದ ಇಲ್ಲಿಗೆ ತರಲು ಪಿಕಪ್‌ನವನು ತಗೊಂಡ ಬಾಡಿಗೆ ಪೆಟ್ಟಿಗೆಯ ಬೆಲೆಗಿಂತ ಜಾಸ್ತಿ ಆಯಿತು.