ಮುಳುಗಡೆ ಜಾಗದಲ್ಲಿ ಸಿಕ್ಕ ಸಾಮಾನು

2023ರಲ್ಲಿ ಮಳೆ ಕೈಕೊಡ್ತಲ್ಲ, ಅದರ ಮುಂದಿನ ಬೇಸಿಗೆಗೆ ಶರಾವತಿ ಹಿನ್ನೀರು ಇಳಿದಿದ್ದು ನೋಡ್ಬೇಕಿತ್ತು ನೀವು. ಲಿಂಗನಮಕ್ಕಿ ಡ್ಯಾಂ ತುಂಬಿದ್ರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಆಗ ಸಮುದ್ರದ ಥರ ಕಾಣೋ ಜಾಗ ಆ ಬೇಸಿಗೇಲಿ ಬಿರುಕು ಬಿಟ್ಟ ಬಯಲು, ಅಲ್ಲಲ್ಲಿ ಸತ್ತ ಮರದ ಬೊಡ್ಡೆಗಳು. ಸಾಗರಕ್ಕೆ ಬಂದವರೆಲ್ಲ ಮಡೆನೂರು ಡ್ಯಾಂ ನೋಡೋಕೆ ಓಡ್ತಿದ್ರು. ಅದೇ ಹಿರೇಭಾಸ್ಕರ ಅಣೆಕಟ್ಟು, 1948ರಲ್ಲಿ ಜೋಗದಲ್ಲಿ ಕರೆಂಟು ತೆಗೆಯೋಕೆ ಶುರು ಮಾಡಿದಾಗ ನೀರು ಕೊಡ್ತಿದ್ದದ್ದು, ಆಮೇಲೆ 1964ರಲ್ಲಿ ಲಿಂಗನಮಕ್ಕಿ ದೊಡ್ಡ ಡ್ಯಾಂ ಬಂದು ಅದನ್ನೇ ಮುಳುಗಿಸ್ತು. ನಾವು ಆ ಕಡೆ ಹೋಗಲಿಲ್ಲ. ಮಾವ ತಮ್ಮ ಹಳೇ ಮನೆ ಇದ್ದ ದಿಬ್ಬ ಎದ್ದಿದೆಯಂತೆ, ನೋಡ್ಕೊಂಡು ಬರೋಣ ಬಾ ಅಂದ್ರು, ಬೆಳಗಿನ ತಿಂಡಿ ಮುಗಿಸಿ ಒಂದು ಬಾಟ್ಲಿ ಮಜ್ಜಿಗೆ ಹಿಡ್ಕೊಂಡು ಹೊರಟ್ವಿ.

ಮುಳುಗಡೆ ಅಂತ ಊರು ಬಿಟ್ಟಾಗ ಮಾವ ಸಣ್ಣ ಹುಡುಗ. ಆದ್ರೂ ಒಂದು ತಿರುವಿನ ಹತ್ರ ನಿಂತು "ಇಲ್ಲಿಂದ ಅಂಗಳ" ಅಂದುಬಿಟ್ರು. ನಂಗೇನೂ ಕಾಣಲಿಲ್ಲ, ಕಲ್ಲು ಮಣ್ಣು ಅಷ್ಟೇ. ಆಮೇಲೆ ಕಣ್ಣು ಪಳಗ್ತು ನೋಡಿ, ಹೆಜ್ಜೆಗೊಂದು ಸಾಮಾನು. ಪಿಂಗಾಣಿ ಭರಣಿ ಚೂರು, ಹಸಿರು ಗಾಜಿನ ಬಳೆ ತುಂಡು, ತುಕ್ಕು ಹಿಡಿದು ಬಿಸ್ಕತ್ತಿನ ಹಾಗೆ ಉದುರೋ ಕತ್ತಿ ಅಲಗು, ಲಾಟೀನಿನ ಹಿತ್ತಾಳೆ ಬರ್ನರ್, ಅದರ ಬತ್ತಿ ಏರಿಸೋ ತಿರುಪು ಇನ್ನೂ ಅಲ್ಲೇ ಇತ್ತು, ಸ್ವಲ್ಪ ಒತ್ತಿ ತಿರುಗಿಸಿದ್ರೆ ಕರ್ ಅಂತ ಮಣ್ಣು ಉದುರ್ತು.

ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಹೆಂಚಿನ ಚೂರು. ಒಂದನ್ನ ಮಜ್ಜಿಗೆ ಬಾಟ್ಲಿ ತೊಳೆದ ನೀರಲ್ಲೇ ಉಜ್ಜಿದೆ, ಹಿಂದುಗಡೆ ಇಂಗ್ಲಿಷಲ್ಲಿ ಮಂಗಳೂರು ಅನ್ನೋದರ ಕೊನೆ ಅಕ್ಷರಗಳು ಉಬ್ಬಿಕೊಂಡು ಕಾಣಿಸ್ತು. ಯಾವ ಕಾರ್ಖಾನೆದು ಅನ್ನೋ ಭಾಗ ಒಡೆದು ಹೋಗಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಶುರು ಮಾಡಿದ ಮೇಲೆ ಅಲ್ಲಿ ನೇತ್ರಾವತಿ ಹೊಳೆ ದಂಡೆ ಮೇಲೆ ಹೆಂಚಿನ ಕಾರ್ಖಾನೆ ಒಂದಾ ಎರಡಾ, ನಮ್ಮ ಮಲೆನಾಡಿನ ಸೋಗೆ ಮಾಡು, ಹುಲ್ಲು ಮಾಡೆಲ್ಲ ನಿಧಾನಕ್ಕೆ ಹೆಂಚಾಗಿದ್ದು ಹಾಗೆ. ಒಂದಾದ್ರೂ ಇಡೀ ಹೆಂಚು ಸಿಗುತ್ತೇನೋ ಅಂತ ನಾನು ಬಿಸಿಲಲ್ಲಿ ಸುತ್ತಿದ್ದೇ ಸುತ್ತಿದ್ದು.

"ಸಿಗಲ್ಲ ಮಾರಾಯ, ಸುಮ್ನೆ ಯಾಕೆ ಸುಸ್ತು ಮಾಡ್ಕೋತೀಯ" ಅಂದ್ರು ಮಾವ. "ಇಡೀ ಹೆಂಚು ಯಾರಾದ್ರೂ ಬಿಟ್ಟು ಹೋಗ್ತಾರಾ?"

ಹೌದಲ್ಲ ಅನ್ನಿಸ್ತು. ಮನೆ ಬಿಚ್ಚಿ ಹೆಂಚು, ತೊಲೆ, ಕಂಬ, ಬಾಗಿಲು, ಅಡಿಕೆ ಬೇಯಿಸೋ ಹಂಡೆ ಎಲ್ಲಾ ಎತ್ತಿನ ಗಾಡಿ, ಲಾರಿಗೆ ಹೇರ್ಕೊಂಡು ಹೋಗಿದ್ರಂತೆ. ಮಾವನ ಈಗಿನ ಮನೆ ಜಗಲಿ ಕಂಬ ಇಲ್ಲಿಂದಲೇ ಹೋಗಿದ್ದು, ಅದನ್ನ ನಾನೇ ಎಷ್ಟೋ ಸಲ ಒರಗಿಕೊಂಡು ಕೂತಿದೀನಿ. ನಮ್ಮ ಕಾಲಿಗೆ ಸಿಗ್ತಿದ್ದದ್ದು ಇಳಿಸುವಾಗ ಕೈಜಾರಿ ಬಿದ್ದವು, ಒಡೆದವು, ಗಾಡಿಯಲ್ಲಿ ಜಾಗ ಸಾಲದೆ ಹೋದವು. ಹಳೇ ಸಾಮಾನು ಸಿಕ್ಕಿದ್ರೆ ಇಲ್ಲಿ ಜನ ಹೀಗೆ ಬದುಕ್ತಿದ್ರು ಅಂತ ನಾವು ಕಥೆ ಕಟ್ತೀವಲ್ಲ, ಅದು ಅರ್ಧ ಕಥೆ ಅನ್ಸುತ್ತೆ ನಂಗೆ. ಅವರಿಗೆ ಬೇಕಾಗಿದ್ದದ್ದು ಯಾವುದೂ ಇಲ್ಲಿಲ್ಲ, ಅದೆಲ್ಲ ಅವರ ಜೊತೆ ಹೋಗಿದೆ.

ಗೋಲಿ ಸೋಡಾ ಬಾಟ್ಲಿ ಕತ್ತೊಂದು ಸಿಕ್ತು, ದಪ್ಪ ಗಾಜು, ಗೋಲಿ ತಡೆಯೋಕೆ ಒಳಗೆ ಒತ್ತಿದ ಆ ಎರಡು ಗುಳಿ ಸ್ಪಷ್ಟ. 1872ರಲ್ಲಿ ಇಂಗ್ಲೆಂಡಿನ ಹೈರಂ ಕಾಡ್ ಅನ್ನೋನು ಪೇಟೆಂಟ್ ತಗೊಂಡ ಡಿಸೈನು ಇದು, ಒಳಗಿನ ಗ್ಯಾಸೇ ಗೋಲಿನ ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತೆ. ಇದರ ಗೋಲಿ ಮಾತ್ರ ಇರಲಿಲ್ಲ. ಯಾವನೋ ಹುಡುಗ ಗೋಲಿಗೋಸ್ಕರವೇ ಒಡೆದಿರ್ತಾನೆ, ಇನ್ನೇನು.

ಈಗಿನವರು ಬಿಟ್ಟು ಹೋಗಿದ್ದೂ ಬೇಕಾದಷ್ಟಿತ್ತು. ಬಿಯರ್ ಬಾಟ್ಲಿ, ಚಿಪ್ಸ್ ಪ್ಯಾಕೆಟ್ಟು, ಜೀಪಿನ ಟಯರ್ ಗುರುತು. ಅದರ ಬಗ್ಗೆ ಬರೆದ್ರೆ ಬಿಪಿ ಏರುತ್ತೆ, ಬಿಡಿ.

ಸ್ವಲ್ಪ ಮುಂದೆ ಒಂದು ಒರಳುಕಲ್ಲು, ಕುತ್ತಿಗೆವರೆಗೂ ಹೂತಿತ್ತು. ಮಾವ ಕೂತು ಗುಳಿಯಲ್ಲಿದ್ದ ಮಣ್ಣನ್ನ ಕೈಯಲ್ಲೇ ತೋಡಿ ತೆಗೆದ್ರು. ಒಳಗೆ ಗಾಜಿನಷ್ಟು ನುಣುಪು, ಒಂದು ಕಡೆ ಮಾತ್ರ ಜಾಸ್ತಿ ಸವೆದು ಓರೆಯಾಗಿತ್ತು, ರುಬ್ಬೋರು ದಿನಾ ಒಂದೇ ಮಗ್ಗುಲಲ್ಲಿ ಕೂರ್ತಿದ್ರು ಅನ್ಸುತ್ತೆ.

"ಗುಂಡು ಎಲ್ಲಿ ಮಾವ?"

"ಅದನ್ನ ನಾವು ಹುಡುಗ್ರೆಲ್ಲ ಸೇರಿ ಉರುಳಿಸ್ಕೊಂಡು ಹೋಗಿ ಹೊಳೆಗೆ ಹಾಕಿದ್ವಿ. ಹೆಂಗಿದ್ರೂ ಮುಳುಗುತ್ತಲ್ಲ ಅಂತ."

"ಅಜ್ಜಿ ಬೈಲಿಲ್ವಾ?"

"ಬೈಯೋಕೆ ಅವರಿಗೆ ಪುರುಸೊತ್ತೆಲ್ಲಿತ್ತು."

ಒರಳಿನ ಫೋಟೋ ತೆಗೆದು ಅವತ್ತು ರಾತ್ರಿ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹಾಕಬಾರದಿತ್ತೇನೋ. ಬೆಳಿಗ್ಗೆ ಏಳೋಷ್ಟರಲ್ಲಿ ಮೂರು ಮನೆಯವರು ಅದು ನಮ್ಮದು ಅಂತ ಹಾಕಿದ್ರು, ಶಿವಮೊಗ್ಗದ ಅತ್ತೆಯೊಬ್ರು ವಾಯ್ಸ್ ಮೆಸೇಜೇ ಕಳಿಸಿ ನಮ್ಮಮ್ಮ ಎಡಗೈಯವಳು, ಆ ಓರೆ ನೋಡಿದ್ರೇ ಗೊತ್ತಾಗಲ್ವಾ ಅಂತ ವಾದ. ಮಾವ ಅದನ್ನ ಎರಡೆರಡು ಸಲ ಕೇಳಿಸ್ಕೊಂಡ್ರು, ಆಮೇಲೆ ನನ್ನ ಫೋನಿಂದಲೇ "ಹಂಗಾದ್ರೆ ಬಂದು ಎತ್ಕೊಂಡು ಹೋಗಕ್ಕ" ಅಂತ ಟೈಪ್ ಮಾಡೋಕೆ ಹೇಳಿದ್ರು. ಮಾಡಿದೆ. ಅತ್ತೆ ಗ್ರೂಪಿಂದ ಲೆಫ್ಟ್.