ಆರು ಡಿಗ್ರಿ ಎಂದು ಸುಳ್ಳು ಹೇಳಿದ ಗುರುತು

ಮಿಶಿಗನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ 1965ರ ಫೋರ್ಡ್ ಮಸ್ಟ್ಯಾಂಗ್ ಕಾರೊಂದಿದೆ. ಅದರ ಗುರುತಿನ ಸಂಖ್ಯೆ 5ಎಫ್07ಸಿ ಎಂದು ಆರಂಭವಾಗುತ್ತದೆ. ಈ ಲಿಪಿಯನ್ನು ಓದಬಲ್ಲವರಿಗೆ ಅಷ್ಟರಲ್ಲೇ ಕಾರಿನ ಜಾತಕವೆಲ್ಲ ಸಿಕ್ಕಿಬಿಡುತ್ತದೆ: 1965ರ ಮಾದರಿ, ಡಿಯರ್‌ಬಾರ್ನ್ ಕಾರ್ಖಾನೆ, ಎರಡು ಬಾಗಿಲಿನ ಹಾರ್ಡ್‌ಟಾಪ್, 289 ಘನ ಅಂಗುಲದ, ಅಂದರೆ ಸುಮಾರು 4.7 ಲೀಟರಿನ ವಿ8 ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ, ಎರಡು ಬ್ಯಾರೆಲ್‌ನ, ಅಂದರೆ ಎರಡು ಗಾಳಿಬಾಯಿಯ ಕಾರ್ಬುರೇಟರ್. ಕಂಪನಿ ಹೇಳಿದ ಶಕ್ತಿ 200 ಅಶ್ವಶಕ್ತಿ. ಆ ಕಾಲದ ಅಮೆರಿಕದಲ್ಲಿ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಕಾರಿನ ಸೈಲೆನ್ಸರಿನಂಥ ಹೊರೆಗಳಿಲ್ಲದೆ ಅಳೆಯುತ್ತಿದ್ದರು. 1972ರ ಮಾದರಿಗಳಿಂದಷ್ಟೇ ಎಲ್ಲ ಹೊರೆಯೊಂದಿಗೆ ಅಳೆದು ಹೇಳುವ ಪದ್ಧತಿ ಬಂತು. ಆದ್ದರಿಂದ ಈ 200 ಅನ್ನು ಇಂದಿನ ಕಾರಿನ 200ರ ಪಕ್ಕದಲ್ಲಿಟ್ಟು ಹೋಲಿಸುವುದು ನ್ಯಾಯವಲ್ಲ.

ನಾನು ಕೊಂಡಾಗ ಕಾರಿಗೆ ಎರಡು ಕಾಯಿಲೆಗಳಿದ್ದವು. ಏರು ರಸ್ತೆಯಲ್ಲಿ ಎಳೆಯುತ್ತಿರಲಿಲ್ಲ. ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಎಂಜಿನ್ ವಿಪರೀತ ಬಿಸಿಯಾಗುತ್ತಿತ್ತು. ಅನುಭವವಿಲ್ಲದವರು ಮಾಡುವುದನ್ನೇ ನಾನೂ ಮಾಡಿದೆ: ಬಿಸಿಯಾಗುವುದಕ್ಕೆ ಅಲ್ಯೂಮಿನಿಯಂ ರೇಡಿಯೇಟರ್ ತಂದು ಕೂರಿಸಿದೆ, ಎಳೆಯದಿರುವುದಕ್ಕೆ ನಾಲ್ಕು ಬ್ಯಾರೆಲ್‌ನ, 750 ಸಿಎಫ್‌ಎಂನ, ಅಂದರೆ ನಿಮಿಷಕ್ಕೆ 750 ಘನ ಅಡಿ ಗಾಳಿ ಬಿಡುವ ಕಾರ್ಬುರೇಟರ್ ತರಿಸಿದೆ. ಪೆಟ್ಟಿಗೆ ಮನೆಗೆ ಬಂದ ರಾತ್ರಿ, ಮಾಡಬೇಕಿದ್ದ ಲೆಕ್ಕವನ್ನು ತಡವಾಗಿ ಮಾಡಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯಬಲ್ಲದು ಎಂಬುದಕ್ಕೆ ಸರಳ ಸೂತ್ರವಿದೆ: ಘನ ಅಂಗುಲವನ್ನು ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಬೇಕು. 289 ಎಂಜಿನ್ 5000 ಸುತ್ತು ಸುತ್ತಿದರೂ 418 ಬರುತ್ತದೆ. ಸಿಲಿಂಡರ್‌ಗಳು ಎಂದೂ ಪೂರ್ತಿ ತುಂಬುವುದಿಲ್ಲವಾದ್ದರಿಂದ ಅದರಲ್ಲಿ ಶೇಕಡ 85 ಹಿಡಿದರೆ ಸಿಗುವುದು ಬರೀ 355. ಇದರ ಎರಡರಷ್ಟು ಬಾಯಿ ತೆರೆದ ಕಾರ್ಬುರೇಟರ್ ಕೂರಿಸಿದರೆ ಗಾಳಿಯ ವೇಗ ಕುಗ್ಗಿ, ಪೆಟ್ರೋಲ್ ಸರಿಯಾಗಿ ಬೆರೆಯದೆ, ಕೆಳಗಿನ ಸುತ್ತುಗಳಲ್ಲಿ ಎಂಜಿನ್ ಇನ್ನಷ್ಟು ಮಂಕಾಗುತ್ತದೆ. ಪೆಟ್ಟಿಗೆಯನ್ನು ಬಿಚ್ಚದೆ ಹಾಗೇ ಇಟ್ಟೆ.

ನಿಜವಾದ ರೋಗ ಸಿಕ್ಕಿದ್ದು ಎಂಜಿನ್ನಿನ ಮುಂಭಾಗದಲ್ಲಿ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ತುದಿಯ ಬ್ಯಾಲೆನ್ಸರಿನಲ್ಲಿ. ಇದು ಎರಡು ಕಬ್ಬಿಣದ ಭಾಗಗಳ ನಡುವೆ ರಬ್ಬರಿನ ಪಟ್ಟಿ ಕೂರಿಸಿದ ಚಕ್ರ. ಕ್ರ್ಯಾಂಕಿನ ನಡುಕವನ್ನು ನುಂಗುವುದು ಇದರ ಕೆಲಸ. ಟೈಮಿಂಗನ್ನು, ಅಂದರೆ ಪಿಸ್ಟನ್ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರುತ್ತದೆ ಎಂಬುದನ್ನು, ತೋರಿಸುವ ಗೀರುಗಳಿರುವುದು ಇದರ ಹೊರಗಿನ ಬಳೆಯ ಮೇಲೆ. ಕಿಡಿಯ ಜೊತೆಗೇ ಮಿನುಗುವ ಟೈಮಿಂಗ್ ಲೈಟ್ ಹಿಡಿದು ನೋಡಿದಾಗಲೆಲ್ಲ ಗೀರು ಕಂಪನಿ ಹೇಳಿದ 6 ಡಿಗ್ರಿಗೆ ಸರಿಯಾಗಿ ನಿಲ್ಲುತ್ತಿತ್ತು. ಹಾಗಾಗಿ ಟೈಮಿಂಗ್ ಸರಿಯಿದೆಯೆಂದು ನಂಬಿ ತಿಂಗಳುಗಟ್ಟಲೆ ಬೇರೆಡೆ ಹುಡುಕಿದೆ. ಆದರೆ ಅರವತ್ತು ವರ್ಷದ ರಬ್ಬರ್ ಬಿರಿದು, ಹೊರಬಳೆ ಒಳಗಿನ ಭಾಗದ ಮೇಲೆ ಜಾರಿಬಿಟ್ಟಿದ್ದರೆ ಗೀರು ಎಲ್ಲಿ ನಿಂತರೇನು?

ಇದನ್ನು ಪತ್ತೆ ಮಾಡುವ ವಿಧಾನ ಸುಲಭ, ಖರ್ಚೂ ಇಲ್ಲ. ಬ್ಯಾಟರಿಯ ತಂತಿ ಕಳಚಿ, ಎಲ್ಲ ಪ್ಲಗ್‌ಗಳನ್ನು ಬಿಚ್ಚಿ, ಒಂದನೆಯ ಸಿಲಿಂಡರಿನ ಪ್ಲಗ್ಗಿನ ಜಾಗಕ್ಕೆ ಪಿಸ್ಟನ್ನನ್ನು ತಡೆಯುವ ಒಂದು ಬೋಲ್ಟ್ ಕೂರಿಸಬೇಕು. ಕ್ರ್ಯಾಂಕನ್ನು ಸ್ಪಾನರಿನಿಂದ ಮೆಲ್ಲಗೆ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದು ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಅಲ್ಲಿ, ಗೀರುಗಳ ಪಕ್ಕದಲ್ಲಿ ಎಂಜಿನ್ನಿಗೆ ಕೂರಿಸಿದ ಸೂಚಕ ಮುಳ್ಳಿನ ಎದುರಿಗೆ, ಸೀಮೆಸುಣ್ಣದಲ್ಲಿ ಒಂದು ಗುರುತು. ಹಿಮ್ಮುಖವಾಗಿ ತಿರುಗಿಸಿದರೆ ಇನ್ನೊಂದು ಕಡೆ ನಿಲ್ಲುತ್ತದೆ, ಅಲ್ಲೊಂದು ಗುರುತು. ಎರಡರ ಸರಿಮಧ್ಯವೇ ಪಿಸ್ಟನ್ ನಿಜವಾಗಿ ತುದಿ ಮುಟ್ಟುವ ಜಾಗ. ನನ್ನ ಬ್ಯಾಲೆನ್ಸರಿನಲ್ಲಿ ಆ ಮಧ್ಯಬಿಂದು ಕಾರ್ಖಾನೆಯ ಸೊನ್ನೆ ಗೀರಿನಿಂದ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ದೂರದಲ್ಲಿತ್ತು, ಅಂದರೆ ಸುಮಾರು 12 ಡಿಗ್ರಿ. ಪಿಸ್ಟನ್ ತುದಿಗೆ ಬರುವ 6 ಡಿಗ್ರಿ ಮೊದಲು ಹಾರಬೇಕಿದ್ದ ಕಿಡಿ, ತುದಿ ದಾಟಿ 6 ಡಿಗ್ರಿ ಆದಮೇಲೆ ಹಾರುತ್ತಿತ್ತು. ತಡವಾಗಿ ಹೊತ್ತಿದ ಪೆಟ್ರೋಲ್ ಪಿಸ್ಟನ್ನನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಸಿಲಿಂಡರ್‌ಗಳನ್ನು ಮುಚ್ಚುವ ಹೆಡ್ಡನ್ನೂ ಹೊಗೆ ಹೊರಹೋಗುವ ಎಕ್ಸಾಸ್ಟನ್ನೂ ಕಾಯಿಸುತ್ತಿತ್ತು. ನನ್ನ ಎರಡೂ ಕಾಯಿಲೆಗಳಿಗೆ ಇದೊಂದೇ ಮೂಲ.

ಹೊಸ ಬ್ಯಾಲೆನ್ಸರ್ ಕೊಳ್ಳುವಾಗ ಒಂದು ಎಚ್ಚರ ಅಗತ್ಯ. ಹಳೆಯ 289 ಮತ್ತು 302 ಎಂಜಿನ್‌ಗಳಿಗೆ ಬೇಕಾದದ್ದು, ಬೇಕೆಂದೇ ಒಂದು ಬದಿಗೆ ಭಾರವಿಟ್ಟ, 28 ಔನ್ಸ್ ಅಸಮತೋಲನದ್ದು. 1980ರ ದಶಕದ 302ಕ್ಕೆ ಫೋರ್ಡ್ 50 ಔನ್ಸ್‌ನದನ್ನು ಹಾಕಿತು. ತಪ್ಪಾದದ್ದನ್ನು ಕೂರಿಸಿದರೆ ಇಡೀ ಕಾರು ನಡುಗಿ, ಕೊನೆಗೆ ಬೇರಿಂಗ್‌ಗಳೇ ಹಾಳಾಗುತ್ತವೆ. ಸರಿಯಾದದ್ದನ್ನು ಕೂರಿಸಿ, ಟೈಮಿಂಗ್ ಹೊಸದಾಗಿ ಇಟ್ಟ ದಿನ ಕಾರು ಏರಿನಲ್ಲಿ ಎಳೆದ ರೀತಿಯನ್ನು ಕಂಡು, ರೇಡಿಯೇಟರಿಗೆ ಸುರಿದ ಹಣ ನೆನಪಾಗಿ ಸಂತೋಷದ ನಡುವೆಯೂ ಸಂಕಟವಾಯಿತು.

ಇದಾದ ಮೇಲೆ ಮಾಡಿದ ಸುಧಾರಣೆಗಳಲ್ಲಿ ನಾನು ಮನಸಾರೆ ಒಪ್ಪುವುದು ಒಂದನ್ನೇ: ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ವಿದ್ಯುತ್ತನ್ನು ಕಡಿಯುವ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದ್ದು. ದಾವಣಗೆರೆಯಲ್ಲಿ ಅಪ್ಪನ ಅಂಬಾಸಿಡರ್ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಪಾಯಿಂಟ್ ಉಜ್ಜಿ ಗ್ಯಾಪ್ ಇಡುವುದನ್ನು ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದರಿಂದ, ಅದನ್ನು ಬಿಡಲು ಮನಸ್ಸು ಸ್ವಲ್ಪ ಹಿಂದೆಗೆದದ್ದು ನಿಜ. ಆದರೆ ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ ತಾನಾಗಿ ಹಿಂದೆ ಸರಿಯುತ್ತದೆ; ಸುಳ್ಳು ಟೈಮಿಂಗಿನಿಂದ ಅಷ್ಟು ಪಾಡು ಪಟ್ಟವನಿಗೆ ಅದು ಮತ್ತೆ ಬೇಡವೆನಿಸಿತು. ಮಾಡ್ಯೂಲಿಗೆ ಪೂರ್ತಿ 12 ವೋಲ್ಟ್ ಬೇಕು. ಈ ಕಾರಿನಲ್ಲಿ ಸ್ವಿಚ್ಚಿನಿಂದ, ಕಿಡಿಯ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಬರುವ ಗುಲಾಬಿ ಬಣ್ಣದ ತಂತಿ, ಪಾಯಿಂಟ್ ಸುಡದಿರಲೆಂದು ವೋಲ್ಟೇಜನ್ನು ತಗ್ಗಿಸುವ ತಂತಿ; ಮಾಡ್ಯೂಲಿಗೆ ವಿದ್ಯುತ್ತನ್ನು ಅದರಿಂದ ಕೊಡದೆ, ಅದಕ್ಕೂ ಮುಂಚಿನ ಜಾಗದಿಂದ ತೆಗೆದುಕೊಳ್ಳಬೇಕು.

ಎಣ್ಣೆಯ ವಿಷಯದಲ್ಲಿ ಉದಾಸೀನ ಸಲ್ಲದು. ಈ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ನೇರವಾಗಿ ಚಪ್ಪಟೆ ಟ್ಯಾಪೆಟ್‌ಗಳ ಮೇಲೆ ಉಜ್ಜುತ್ತದೆ. ಅದನ್ನು ಸವೆಯದಂತೆ ಕಾಪಾಡುವುದು ಎಣ್ಣೆಯಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ರಂಜಕ, ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು ಹೊಸ ಕಾರುಗಳ ಎಣ್ಣೆಯಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ನಾನು ಹಳೆಯ ಎಂಜಿನ್‌ಗಳಿಗೆಂದೇ ಬರುವ ಎಣ್ಣೆಯನ್ನು ವರ್ಷಕ್ಕೊಮ್ಮೆ, ಫಿಲ್ಟರ್ ಸೇರಿ ಐದು ಕ್ವಾರ್ಟ್, ಬದಲಿಸುತ್ತೇನೆ. ಇಲ್ಲಿನ ಪೆಟ್ರೋಲಿನಲ್ಲಿ ಶೇಕಡ 10ರಷ್ಟು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೂ ಕಾರ್ಬುರೇಟರಿನ ಪಂಪಿನ ಡಯಾಫ್ರಾಮನ್ನೂ ಬದಲಿಸಿದೆ.

ಟೈಮಿಂಗ್ ಸರಿಯಾದ ಮೇಲೂ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ ಒಂದು ಸಣ್ಣ ತೊದಲು ಉಳಿದಿತ್ತು. ಕಂಪ್ರೆಶನ್ ಅಳೆದಾಗ ಏಳು ಸಿಲಿಂಡರ್‌ಗಳು 140 ಪೌಂಡಿನ ಆಸುಪಾಸಿನಲ್ಲಿದ್ದರೆ, ಚಾಲಕನ ಬದಿಯ ಎರಡನೆಯದಾದ ಆರನೆಯ ಸಿಲಿಂಡರ್ 105 ತೋರಿಸಿತು. ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಪ್ಲಗ್ಗಿನ ತೂತಿನಿಂದ ಗಾಳಿ ಬಿಟ್ಟು ಕಿವಿಗೊಟ್ಟರೆ, ಸೈಲೆನ್ಸರಿನ ಕೊಳವೆಯಲ್ಲಿ ಸುಯ್ಯೆಂಬ ಸದ್ದು: ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ವಾಲ್ವ್ ಕೂರುವ ಸೀಟುಗಳು ಸೀಸವಿರುವ ಪೆಟ್ರೋಲಿಗೆಂದು ಮಾಡಿದ ಬೀಡಿನವು; ಸೀಸವಿಲ್ಲದಿದ್ದರೆ ಅವು ಸವೆಯುತ್ತವೆ. ಸೀಸದ ಪೆಟ್ರೋಲನ್ನು ಅಮೆರಿಕ ರಸ್ತೆ ವಾಹನಗಳಿಗೆ ಪೂರ್ತಿ ನಿಷೇಧಿಸಿದ್ದು 1996ರಲ್ಲಿ. ನವೆಂಬರಿನಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಬಿದ್ದು ಕಾರು ಒಳಗೆ ನಿಂತಮೇಲೆ ಎರಡೂ ಹೆಡ್‌ಗಳನ್ನು ಇಳಿಸಿ, ಗಟ್ಟಿ ಉಕ್ಕಿನ ಸೀಟು ಕೂರಿಸಲು ಮೆಷಿನ್ ಶಾಪಿಗೆ ಕೊಡಬೇಕು. ಹೆಡ್ ಇಳಿಸಲು, ಕಾರ್ಬುರೇಟರ್ ಕೂರುವ ಇನ್‌ಟೇಕ್ ಮ್ಯಾನಿಫೋಲ್ಡನ್ನೂ ಬಿಚ್ಚಲೇಬೇಕಾಗುತ್ತದೆ. ಆಗ ಹೇಗೂ ಬಿಚ್ಚಿದ್ದೇನಲ್ಲ, ನಾಲ್ಕು ಬ್ಯಾರೆಲ್‌ನದನ್ನೇ ಕೂರಿಸಿಬಿಡೋಣ ಎಂದು ಕೈ ತುರಿಸುವುದು ಖಂಡಿತ. ಅದಕ್ಕೇ ಆ 750ರ ಪೆಟ್ಟಿಗೆಯನ್ನು ಮಾರಾಟಕ್ಕೆ ಇಟ್ಟಿದ್ದೇನೆ.